ಹಾಲು, ಹುಳು, ಒಂಬತ್ತನೆಯ ವಾರ: ಮನೆ ಬದಲಿಸಿದ ಬೆಕ್ಕಿನ ಮರಿಯ ಹೊಟ್ಟೆಯ ಬಗ್ಗೆ ಒಂದು ಟಿಪ್ಪಣಿ

ಚಿಕ್ಕಬಳ್ಳಾಪುರ, ಶಿಡ್ಲಘಟ್ಟ, ಚಿಂತಾಮಣಿ, ಗೌರಿಬಿದನೂರು ಕಡೆ ಬೆಕ್ಕಿನ ಮರಿಯನ್ನು ದುಡ್ಡು ಕೊಟ್ಟು ತರುವವರು ಕಡಿಮೆ. ರೇಷ್ಮೆ ಹುಳುಮನೆಯ ಅಟ್ಟದಲ್ಲೋ, ನೂಲು ಬಿಚ್ಚುವ ಶೆಡ್ಡಿನ ಮೂಲೆಯಲ್ಲೋ, ಜೋಳದ ಮೂಟೆಗಳ ಸಂದಿಯಲ್ಲೋ ಹುಟ್ಟಿದ ಮರಿ ಓಡಾಡಲು ಕಲಿತ ಹೊತ್ತಿಗೆ ಯಾರೋ ಕೇಳುತ್ತಾರೆ, ಯಾರೋ ಚೀಲದಲ್ಲಿ ಹಾಕಿ ಕೊಡುತ್ತಾರೆ. ಮೂರನೆಯ ದಿನಕ್ಕೆ ಮರಿಗೆ ಹೊಟ್ಟೆ ಕೆಡುತ್ತದೆ. ಏಕೆ ಎಂದು ಕೇಳಿದರೆ ಎಲ್ಲ ಮನೆಗಳಲ್ಲೂ ಒಂದೇ ಉತ್ತರ: 'ಊಟ ಬದಲಾಯ್ತಲ್ಲ, ಅದಕ್ಕೇ.'

ಈ ಉತ್ತರ ಎಷ್ಟರಮಟ್ಟಿಗೆ ಸರಿ ಎಂದು ನೋಡುವುದು ಈ ಟಿಪ್ಪಣಿಯ ಉದ್ದೇಶ. ಉತ್ತರ ಸುಳ್ಳಲ್ಲ. ಆದರೆ ಅದು ಬೇಗ ಸಿಗುವ ಉತ್ತರ. ಬೇಗ ಸಿಗುವುದರಿಂದಲೇ ಅದರ ಹಿಂದೆ ಇನ್ನೂ ಎರಡು ಕಾರಣಗಳು ಅಡಗಿ ಕುಳಿತುಬಿಡುತ್ತವೆ, ಅವುಗಳಲ್ಲಿ ಒಂದು ಮರಿಯನ್ನು ಎರಡೇ ದಿನದಲ್ಲಿ ಕೊಲ್ಲಬಲ್ಲದು.

ಮೊದಲು ನಾನೇ ಹತ್ತಿರದಿಂದ ಕಂಡದ್ದು. ಶಿಡ್ಲಘಟ್ಟದ ಒಂದು ರೀಲಿಂಗ್ ಶೆಡ್ಡಿನಿಂದ ಹೆಣ್ಣುಮರಿಯೊಂದನ್ನು ಚಿಕ್ಕಬಳ್ಳಾಪುರದ ನಮ್ಮ ಮನೆಗೆ ತಂದೆವು. ಬೂದುಬಣ್ಣ, ಬೆನ್ನ ಮೇಲೆ ಕಪ್ಪು ಪಟ್ಟೆ, ವಯಸ್ಸು ಹೆಚ್ಚುಕಡಿಮೆ ಒಂಬತ್ತು ವಾರ. ಅಡುಗೆಮನೆಯ ತಕ್ಕಡಿಯ ಮೇಲೆ ಸ್ಟೀಲ್ ಡಬರಿ ಇಟ್ಟು, ಅದರೊಳಗೆ ಮರಿಯನ್ನು ಕೂರಿಸಿ ತೂಗಿದಾಗ 760 ಗ್ರಾಂ. ಕೊಟ್ಟ ಹೆಂಗಸು ಹೇಳಿದ್ದಿಷ್ಟು: 'ಪ್ಯೂಪಾ ತಿನ್ಕೊಂಡೇ ಬೆಳ್ದೈತೆ ಸಾರ್. ನಿಮ್ಮನೇಲಿ ಹಾಲನ್ನ ಹಾಕಿ, ಚೆನ್ನಾಗ್ ಆಯ್ತದೆ.' ಮೊದಲ ದಿನ ಹಾಲು, ಎರಡನೆಯ ದಿನ ಹಾಲನ್ನ ಹಾಕಿದೆವು. ಎರಡನೆಯ ರಾತ್ರಿಯೇ ಸೆಗಣಿಯಷ್ಟು ತೆಳ್ಳಗೆ, ಹಳದಿಯಾಗಿ, ಹುಳಿ ವಾಸನೆಯ ಭೇದಿ. ಮೂರನೆಯ ಬೆಳಿಗ್ಗೆ ತೂಕ 735 ಗ್ರಾಂ. ಇಷ್ಟು ಚಿಕ್ಕ ಮರಿ ದಿನಕ್ಕೆ 10ರಿಂದ 15 ಗ್ರಾಂ ಏರಬೇಕು, ನಮ್ಮದು ಇಳಿದಿತ್ತು. ಹೊಟ್ಟೆ ಮಾತ್ರ ಮಡಕೆಯಂತೆ ಉಬ್ಬಿತ್ತು. ಆ ಉಬ್ಬಿದ ಹೊಟ್ಟೆಯನ್ನು ನಾನು 'ಚೆನ್ನಾಗಿ ಕುಡಿದಿದೆ' ಎಂದು ಓದಿದೆ. ತಪ್ಪು ಓದಿದ್ದೆ.

ಹಾಲಿನಿಂದಲೇ ಆರಂಭಿಸೋಣ, ಏಕೆಂದರೆ ನಮ್ಮ ಸೀಮೆಗೆ ಹಾಲು ಬರೀ ಆಹಾರವಲ್ಲ. ಹಳೆಯ ಕೋಲಾರ ಜಿಲ್ಲೆಯನ್ನು ರೇಷ್ಮೆ, ಹಾಲು, ಚಿನ್ನದ ನಾಡು ಎನ್ನುತ್ತಿದ್ದರು. 2007ರಲ್ಲಿ ಚಿಕ್ಕಬಳ್ಳಾಪುರ ಬೇರೆ ಜಿಲ್ಲೆಯಾದಾಗ ಚಿನ್ನದ ಗಣಿ ಆ ಕಡೆ ಉಳಿಯಿತು, ಹಾಲೂ ರೇಷ್ಮೆಯೂ ಈ ಕಡೆಗೂ ಬಂದವು. ಬೆಳಗ್ಗೆ ಡೇರಿಗೆ ಕ್ಯಾನು ಹೋಗುವ ಮುಂಚೆ ಒಂದು ಲೋಟ ಬೆಕ್ಕಿಗೆ ಎಂದು ತೆಗೆದಿಡುವುದು ಎಷ್ಟೋ ಮನೆಗಳಲ್ಲಿ ಪ್ರೀತಿಯ ವಾಡಿಕೆ. ತೆನಾಲಿ ರಾಮನ ಬೆಕ್ಕಿನ ಕಥೆ ಈ ಕನ್ನಡ-ತೆಲುಗು ಗಡಿಯ ಮಕ್ಕಳೆಲ್ಲ ಕೇಳಿ ಬೆಳೆದದ್ದು. ಇಲಿ ಕಾಟಕ್ಕೆಂದು ಕೃಷ್ಣದೇವರಾಯ ಮನೆಗೊಂದು ಬೆಕ್ಕು ಹಂಚುತ್ತಾನೆ, ಅದಕ್ಕೆ ಹಾಲೆರೆಯಲು ಹಸುವನ್ನೂ ಕೊಡುತ್ತಾನೆ. ಬೆಕ್ಕೆಂದರೆ ಹಾಲು ಎಂಬ ನಂಬಿಕೆ ಎಷ್ಟು ಗಟ್ಟಿ ಎಂದರೆ, ಕಥೆಯ ಒಳಗೂ ಹೊರಗೂ ಅದನ್ನು ಯಾರೂ ಪ್ರಶ್ನಿಸುವುದಿಲ್ಲ.

ಹಸುವಿನ ಹಾಲಿನಲ್ಲಿ ಸುಮಾರು ಶೇ. 4.5ರಿಂದ 5ರಷ್ಟು ಲ್ಯಾಕ್ಟೋಸ್ ಎಂಬ ಸಕ್ಕರೆ ಇದೆ. ಅದನ್ನು ಒಡೆಯುವ ಲ್ಯಾಕ್ಟೇಸ್ ಕಿಣ್ವ ಮೊಲೆಯುಣ್ಣುವ ಮರಿಯ ಸಣ್ಣ ಕರುಳಿನಲ್ಲಿ ಧಾರಾಳವಾಗಿರುತ್ತದೆ, ಮೊಲೆ ಬಿಡುತ್ತಿದ್ದಂತೆ ಇಳಿಯತೊಡಗುತ್ತದೆ. ಒಡೆಯದೆ ಉಳಿದ ಲ್ಯಾಕ್ಟೋಸ್ ದೊಡ್ಡ ಕರುಳಿಗೆ ಜಾರುತ್ತದೆ. ಅಲ್ಲಿನ ಬ್ಯಾಕ್ಟೀರಿಯಾ ಅದನ್ನು ಹುಳಿಯಿಸಿ ಗ್ಯಾಸು ಮಾಡುತ್ತವೆ, ಸಕ್ಕರೆ ತನ್ನ ಜೊತೆ ನೀರನ್ನೂ ಕರುಳಿನೊಳಕ್ಕೆ ಎಳೆದುಕೊಳ್ಳುತ್ತದೆ. ತೆಳುವಾದ, ಹುಳಿ ವಾಸನೆಯ ಭೇದಿಗೆ ಕಾರಣ ಇದು. ಹಾಗಾದರೆ ಬೆಕ್ಕು ಹಾಲಿಗೆ ಅಷ್ಟು ಆಸೆಪಡುವುದೇಕೆ? ಸಿಹಿಗಂತೂ ಅಲ್ಲ. ಬೆಕ್ಕಿನ ನಾಲಿಗೆಯಲ್ಲಿ ಸಿಹಿಯನ್ನು ಗುರುತಿಸುವ ಗ್ರಾಹಕದ ಒಂದು ಜೀನು ಕೆಟ್ಟು ನಿಂತಿದೆ ಎಂದು ಫಿಲಡೆಲ್ಫಿಯಾದ ಮೊನೆಲ್ ಸಂಸ್ಥೆಯ ಸಂಶೋಧಕರು 2005ರಲ್ಲಿ ತೋರಿಸಿದರು. ಬೆಕ್ಕಿಗೆ ಹಾಲಿನಲ್ಲಿ ಬೇಕಾದದ್ದು ಕೊಬ್ಬು ಮತ್ತು ಪ್ರೋಟೀನು.

ಹಾಲಿಗೆ ಅನ್ನ ಕಲಸಿದರೆ ತೊಂದರೆ ಇನ್ನೊಂದು ದಿಕ್ಕಿನದು. ಬೆಕ್ಕಿನ ಎಂಜಲಿನಲ್ಲಿ ಪಿಷ್ಟವನ್ನು ಒಡೆಯುವ ಕಿಣ್ವವಿಲ್ಲ, ಮೇದೋಜೀರಕದಿಂದ ಬರುವುದೂ ಅಲ್ಪ. ಚೆನ್ನಾಗಿ ಬೆಂದ ಅನ್ನ ಸ್ವಲ್ಪ ದಕ್ಕುತ್ತದೆ, ಆದರೆ ಅದೇ ಊಟವಾಗಬಾರದು. ಮನೆಯವರ ಹಂಗಿಲ್ಲದೆ ಬೇಟೆಯಾಡಿ ಬದುಕುವ ಬೆಕ್ಕುಗಳು ಏನು ತಿನ್ನುತ್ತವೆ ಎಂಬ ಹಲವು ವರದಿಗಳನ್ನು ಒಟ್ಟುಗೂಡಿಸಿ ಪ್ಲಾಂಟಿಂಗಾ ಮತ್ತು ಸಂಗಡಿಗರು 2011ರಲ್ಲಿ ಒಂದು ಲೆಕ್ಕ ಕೊಟ್ಟರು: ಅವು ಪಡೆಯುವ ಶಕ್ತಿಯಲ್ಲಿ ಶೇ. 52 ಪ್ರೋಟೀನಿನಿಂದ, ಶೇ. 46 ಕೊಬ್ಬಿನಿಂದ, ಪಿಷ್ಟ-ಸಕ್ಕರೆಗಳಿಂದ ಬರೀ ಶೇ. 2. ಹಾಲನ್ನದ ತಟ್ಟೆ ಈ ಲೆಕ್ಕವನ್ನು ತಲೆಕೆಳಗು ಮಾಡುತ್ತದೆ. ತಿಂಗಳುಗಟ್ಟಲೆ ಹೀಗೆ ನಡೆದರೆ ಹೊಟ್ಟೆಯಷ್ಟೇ ಕೆಡುವುದಿಲ್ಲ. ಟಾರಿನ್ ಎಂಬ ಅಮೈನೊ ಆಮ್ಲ ಸಾಲದಾದ ಬೆಕ್ಕಿಗೆ ಅಕ್ಷಿಪಟಲ ಸವೆಯುತ್ತದೆ ಎಂದು 1975ರಲ್ಲೂ, ಹೃದಯದ ಸ್ನಾಯು ಸೋಲುತ್ತದೆ ಎಂದು 1987ರಲ್ಲೂ ಗೊತ್ತಾಯಿತು. ಟಾರಿನ್ ಇರುವುದು ಮಾಂಸದಲ್ಲಿ, ಮೀನಿನಲ್ಲಿ. ಅನ್ನದಲ್ಲಿ ಇಲ್ಲವೇ ಇಲ್ಲ.

ಇನ್ನು ಪ್ಯೂಪಾ. ಗೂಡನ್ನು ಬಿಸಿನೀರಿನಲ್ಲಿ ಬೇಯಿಸಿ ನೂಲು ಬಿಚ್ಚಿಯಾದ ಮೇಲೆ ಬಾಣಲೆಯ ತಳದಲ್ಲಿ ಉಳಿಯುವ ಕಂದು ಹುಳು ಅದು. ಶಿಡ್ಲಘಟ್ಟದ ಬೀದಿಗಳಲ್ಲಿ ಅದರ ವಾಸನೆ ಗೊತ್ತಿಲ್ಲದವರಿಲ್ಲ. ಒಣ ತೂಕದಲ್ಲಿ ಅರ್ಧದಷ್ಟು ಪ್ರೋಟೀನು, ಕಾಲುಭಾಗದಷ್ಟು ಕೊಬ್ಬು. ಶೆಡ್ಡಿನ ಬೆಕ್ಕುಗಳು ನೆಲಕ್ಕೆ ಚೆಲ್ಲಿದ್ದನ್ನು ಆಯ್ದು ತಿನ್ನುತ್ತವೆ, ನಡುನಡುವೆ ಇಲಿ ಹಿಡಿಯುತ್ತವೆ. ಹುಳು ಸಾಕುವವರಿಗೆ ಬೆಕ್ಕು ಬೇಕಾದದ್ದೇ ಇಲಿಗಾಗಿ. ಇಲಿಗಳು ಹುಳುವನ್ನೂ ಗೂಡನ್ನೂ ಬಿಡುವುದಿಲ್ಲ. ಜಪಾನಿನ ರೇಷ್ಮೆ ಸೀಮೆಗಳಲ್ಲೂ ಹೀಗೇ ಇತ್ತು. ಅಲ್ಲಿನ ತಾಶಿರೊಜಿಮಾ ದ್ವೀಪದವರು ಹುಳುವಿನ ಕಾವಲಿಗೆ ಬೆಕ್ಕು ಸಾಕಿದರು, ಬೆಕ್ಕಿಗೆ ಪುಟ್ಟ ಗುಡಿಯನ್ನೂ ಕಟ್ಟಿದರು. ನಮ್ಮ ಕಡೆ ಗುಡಿ ಇಲ್ಲ, ಆದರೆ ಹುಳುಮನೆಯ ಬೆಕ್ಕನ್ನು ಯಾರೂ ಓಡಿಸುವುದಿಲ್ಲ. ಇಲ್ಲಿ ಗಮನಿಸಬೇಕಾದ ಮಾತೊಂದಿದೆ: ಶೆಡ್ಡಿನಲ್ಲಿ ಬೆಳೆದ ಮರಿ ಹಾಲನ್ನದ ಮನೆಗೆ ಬಂದಾಗ ಆಗುವುದು ಒಂದು ಆಹಾರದಿಂದ ಅದರ ಹತ್ತಿರದ ಇನ್ನೊಂದಕ್ಕೆ ದಾಟುವುದಲ್ಲ. ಪ್ರೋಟೀನು-ಕೊಬ್ಬಿನ ಊಟದಿಂದ ಸಕ್ಕರೆ-ಪಿಷ್ಟದ ಊಟಕ್ಕೆ ಒಂದೇ ರಾತ್ರಿಯಲ್ಲಿ ಜಿಗಿಯುವುದು. ಕರುಳಿನ ಸೂಕ್ಷ್ಮಜೀವಿಗಳ ಸಮುದಾಯ ಬಂದ ಊಟಕ್ಕೆ ತಕ್ಕಂತೆ ಬದಲಾಗುತ್ತದೆ, ಆದರೆ ಅದಕ್ಕೆ ದಿನಗಳು ಬೇಕು.

ಇಷ್ಟು 'ಊಟ ಬದಲಾಯ್ತಲ್ಲ' ಎಂಬ ಉತ್ತರದ ಪರವಾಗಿ. ಈಗ ಅದನ್ನು ಅನುಮಾನಿಸಬೇಕಾದ ಕಾರಣ.

ಮರಿ ಮನೆ ಬದಲಿಸುವ ಎಂಟು-ಒಂಬತ್ತನೆಯ ವಾರದಲ್ಲೇ ಅದರ ಮೈಯೊಳಗೆ ಇನ್ನೆರಡು ಗಡಿಯಾರಗಳು ಗಂಟೆ ಹೊಡೆಯುತ್ತವೆ. ಒಂದು ಜಂತುಹುಳುವಿನದು. ಬೆಕ್ಕಿನ ದುಂಡುಹುಳು, ಟಾಕ್ಸೊಕಾರ ಕ್ಯಾಟಿ, ತಾಯಿಯ ಮೊಲೆಹಾಲಿನ ಮೂಲಕವೇ ಮರಿಗೆ ದಾಟುತ್ತದೆ. ಹಾಗೆ ದಾಟಿದ ಮರಿಹುಳು ಬೆಳೆದು ಮೊಟ್ಟೆಯಿಡಲು ಸುಮಾರು ಏಳು ವಾರ ಬೇಕು. ಅಂದರೆ ಮೊದಲ ವಾರದಲ್ಲಿ ಹಾಲಿನೊಡನೆ ಹೊಕ್ಕ ಹುಳು ಎಂಟು-ಒಂಬತ್ತನೆಯ ವಾರಕ್ಕೆ ದೊಡ್ಡದಾಗಿರುತ್ತದೆ. ಭೇದಿ, ಉಬ್ಬಿದ ಹೊಟ್ಟೆ, ಒರಟು ಕೂದಲು, ಏರದ ತೂಕ ಅದರ ಗುರುತುಗಳು. ಇನ್ನೊಂದು ಗಡಿಯಾರ ತಾಯಿಯಿಂದ ಬಂದ ರೋಗನಿರೋಧಕ ಶಕ್ತಿಯದು. ಗಿಣ್ಣುಹಾಲಿನಲ್ಲಿ ಬಂದ ಆ ರಕ್ಷಣೆ ಆರರಿಂದ ಹದಿನಾರನೆಯ ವಾರದೊಳಗೆ ಕರಗುತ್ತದೆ, ಪ್ರತಿ ಮರಿಗೂ ಬೇರೆ ಬೇರೆ ದಿನ. ಅದು ಕರಗಿ ಲಸಿಕೆ ಇನ್ನೂ ಬಿದ್ದಿಲ್ಲದ ಬಿಡುವಿನಲ್ಲಿ ಪ್ಯಾನ್‌ಲ್ಯೂಕೊಪೀನಿಯ ವೈರಸ್ ಸಿಕ್ಕರೆ ವಾಂತಿ, ಭೇದಿ, ಜ್ವರ, ಬಿಳಿ ರಕ್ತಕಣಗಳ ಕುಸಿತ. ಜನ ಇದನ್ನು ಬೆಕ್ಕಿನ ಪಾರ್ವೊ ಎನ್ನುತ್ತಾರೆ.

ಲ್ಯಾಕ್ಟೇಸ್ ಇಳಿಯುವುದು, ದುಂಡುಹುಳು ಬಲಿಯುವುದು, ತಾಯಿಯ ರಕ್ಷಣೆ ಕರಗುವುದು, ಇವು ಮೂರೂ ಮರಿ ಹೊಸ ಮನೆಗೆ ಬರುವ ವಾರದಲ್ಲೇ ಕೂಡುತ್ತವೆ. ಕಣ್ಣಿಗೆ ಕಾಣುವ ಬದಲಾವಣೆ ಇರುವುದು ತಟ್ಟೆಯಲ್ಲಿ ಮಾತ್ರ. ಆದ್ದರಿಂದ ಊಟವೇ ಕಾರಣ ಎಂದು ಹೇಳುವ ಮೊದಲು ಉಳಿದೆರಡನ್ನು ತಳ್ಳಿಹಾಕಿರಬೇಕು ಎಂಬುದು ನನ್ನ ವಾದ. ಇದು ಪಾಂಡಿತ್ಯದ ಹಟವಲ್ಲ. ಊಟದ ಭೇದಿಗೆ ಎರಡು ದಿನ ಕಾಯಬಹುದು, ಪ್ಯಾನ್‌ಲ್ಯೂಕೊಪೀನಿಯಕ್ಕೆ ಅರ್ಧ ದಿನವೂ ಕಾಯಲಾಗದು.

ಬೇರ್ಪಡಿಸುವುದು ಹೇಗೆ? ಮರಿಯನ್ನು ನೋಡಿದರೆ ಬಹಳಷ್ಟು ತಿಳಿಯುತ್ತದೆ. ಊಟದ ಏರುಪೇರಿನಿಂದ ಹೊಟ್ಟೆ ಕೆಟ್ಟ ಮರಿ ಭೇದಿಯಾದರೂ ಆಟವಾಡುತ್ತದೆ, ತಟ್ಟೆಯ ಸದ್ದಿಗೆ ಓಡಿ ಬರುತ್ತದೆ, ಜ್ವರವಿರುವುದಿಲ್ಲ. ಬೆಕ್ಕಿನ ಸಹಜ ಮೈಬಿಸಿ 38ರಿಂದ 39.2 ಡಿಗ್ರಿ ಸೆಲ್ಸಿಯಸ್. ಕಾರಣವಾದ ಊಟವನ್ನು ನಿಲ್ಲಿಸಿದ ಎರಡು-ಮೂರು ದಿನಕ್ಕೆ ಮಲ ಗಟ್ಟಿಯಾಗತೊಡಗುತ್ತದೆ. ಮರಿ ಮೂಲೆ ಹಿಡಿದು ಕೂತರೆ, ನೀರಿನ ಬಟ್ಟಲ ಮುಂದೆ ತಲೆ ಬಗ್ಗಿಸಿ ಕುಡಿಯದೆ ಇದ್ದರೆ, ಮತ್ತೆ ಮತ್ತೆ ಕಕ್ಕಿದರೆ, ಭೇದಿಯಲ್ಲಿ ರಕ್ತ ಕಂಡರೆ, ಹನ್ನೆರಡು ಗಂಟೆ ಏನನ್ನೂ ಮುಟ್ಟದಿದ್ದರೆ ಅದೇ ದಿನ ಪಶುವೈದ್ಯರ ಬಳಿ ಒಯ್ಯಬೇಕು. ತೀರ ಸಣ್ಣ ಮರಿಯಾದರೆ ಹನ್ನೆರಡು ಗಂಟೆಯೂ ಹೆಚ್ಚೇ. ಹೆಗಲ ಮೇಲಿನ ಚರ್ಮವನ್ನು ಎರಡು ಬೆರಳಲ್ಲಿ ಮೆಲ್ಲಗೆ ಎತ್ತಿ ಬಿಡಿ: ತಕ್ಷಣ ಕೂತರೆ ಸರಿ, ಗುಡಾರದಂತೆ ನಿಂತರೆ ಮೈಯಲ್ಲಿ ನೀರು ಕಡಿಮೆಯಾಗಿದೆ. ಒಸಡು ಮುಟ್ಟಿದರೆ ಜಾರಬೇಕು, ಅಂಟಬಾರದು. ಊರಲ್ಲಿ ಇಲಿಪಾಷಾಣ ಇಟ್ಟಿದ್ದ ಸುದ್ದಿ ಇದ್ದರೆ ಅದನ್ನು ವೈದ್ಯರಿಗೆ ಮೊದಲ ಮಾತಿನಲ್ಲೇ ಹೇಳಬೇಕು.

ನಮ್ಮ ಮರಿ ಆಟವಾಡುತ್ತಿತ್ತು. ಆದರೂ ತೂಕ ಇಳಿದದ್ದರಿಂದ ಕರೆದೊಯ್ದೆವು. ಮೊದಲು ಹೋದ ಕಡೆ ಹಸು-ಎಮ್ಮೆಗಳ ಸಾಲಿನ ನಡುವೆ ಮರಿಯನ್ನು ಚೀಲದಿಂದ ತೆಗೆದು ನೋಡದೆಯೇ ಚೀಟಿ ಬರೆದುಕೊಟ್ಟರು. ಎರಡನೆಯ ವೈದ್ಯೆ ಭೇದಿಯ ಸ್ಯಾಂಪಲ್ ಕೇಳಿದರು. ಸೂಕ್ಷ್ಮದರ್ಶಕದ ಕೆಳಗೆ ನನಗೂ ತೋರಿಸಿದರು: ದುಂಡಗಿನ, ದಪ್ಪ ಸಿಪ್ಪೆಯ, ಮೇಲ್ಮೈಯೆಲ್ಲ ಸಣ್ಣ ಗುಳಿಬಿದ್ದ ಮೊಟ್ಟೆಗಳು. ದುಂಡುಹುಳು. ಪಾರ್ವೊ ಕಿಟ್ಟಿನ ಪರೀಕ್ಷೆ ಋಣಾತ್ಮಕ ಬಂತು. ನಾಯಿಗಳಿಗೆಂದು ಮಾಡಿದ ಆ ಕಿಟ್ಟು ಬೆಕ್ಕಿನ ವೈರಸ್ಸನ್ನೂ ಹಿಡಿಯುತ್ತದೆ, ಸಣ್ಣ ಊರಿನ ವೈದ್ಯರಿಗೆ ಇದೊಂದು ದೊಡ್ಡ ಅನುಕೂಲ. ಜಂತಿನ ಔಷಧಿಯನ್ನು ಮರಿಯ ತೂಕ ನೋಡಿ ಕೊಟ್ಟರು, ಎರಡು ವಾರಕ್ಕೆ ಮತ್ತೊಮ್ಮೆ ಎಂದರು. ಮರುದಿನ ಮಣ್ಣಿನ ಟ್ರೇಯಲ್ಲಿ ಬಿಳಿ ಶಾವಿಗೆಯಂಥ ನಾಲ್ಕು ಹುಳುಗಳು ಸುರುಳಿಯಾಗಿ ಬಿದ್ದಿದ್ದವು. ಸಣ್ಣ ಮಕ್ಕಳಿರುವ ಮನೆಯವರು ಇದನ್ನು ಕೈಗವಸು ಹಾಕಿ ತೆಗೆಯಬೇಕು, ಈ ಹುಳುವಿನ ಮೊಟ್ಟೆ ಮನುಷ್ಯರ ಹೊಟ್ಟೆ ಸೇರಿದರೂ ತೊಂದರೆ ಕೊಡುತ್ತದೆ.

ಈಗ ಊಟದ ವಿಷಯ. ಹೊಟ್ಟೆ ಕೆಟ್ಟರೆ ಹಳೆಯ ಆಹಾರಕ್ಕೆ ಮರಳಿ, ಆಮೇಲೆ ಏಳರಿಂದ ಹತ್ತು ದಿನದಲ್ಲಿ ಮೆಲ್ಲಗೆ ಹೊಸದಕ್ಕೆ ದಾಟಿ ಎಂಬುದು ಎಲ್ಲೆಡೆ ಹೇಳುವ ಸಲಹೆ. ಮರಳಲು ಯೋಗ್ಯವಾದ ಹಳೆಯ ಆಹಾರ ಒಂದಿದೆ ಎಂದು ಅದು ಮೊದಲೇ ಒಪ್ಪಿಕೊಂಡಿರುತ್ತದೆ. ನಮ್ಮ ಮರಿಗೆ ಹಳೆಯದೆಂದರೆ ಶೆಡ್ಡಿನ ನೆಲದ ಪ್ಯೂಪಾ, ಒಂದೇ ದಿನದಲ್ಲಿ ಕೊಳೆತು ನಾರುವಂಥದ್ದು. ಅಲ್ಲಿಗೆ ಮರಳುವಂತಿಲ್ಲ. ಆದ್ದರಿಂದ ನಡುವೆ ಒಂದು ಸೇತುವೆ ಬೇಕು. ಉಪ್ಪು, ಖಾರ, ಈರುಳ್ಳಿ, ಬೆಳ್ಳುಳ್ಳಿ ಏನೂ ಹಾಕದೆ ಬೇಯಿಸಿದ ಮೂಳೆಯಿಲ್ಲದ ಕೋಳಿ, ಬೆರಳಿನಲ್ಲಿ ನಾರುನಾರಾಗಿ ಬಿಡಿಸಿ, ಬೇಯಿಸಿದ ನೀರನ್ನೇ ಎರಡು ಚಮಚ ಸೇರಿಸಿ, ಬೆಚ್ಚಗೆ, ಒಂದು ಸಲಕ್ಕೆ ಒಂದು ಚಮಚದಷ್ಟು, ದಿನಕ್ಕೆ ಐದು ಸಲ. ಉಪವಾಸ ಕೆಡವಬಾರದು. 'ಒಂದು ದಿನ ಲಂಘನ ಮಾಡಿಸಿ' ಎಂಬ ಮನುಷ್ಯರ ಉಪಾಯ ಮುಕ್ಕಾಲು ಕಿಲೋ ಮರಿಗೆ ಸಲ್ಲದು, ಅದರ ರಕ್ತದ ಸಕ್ಕರೆ ಬೇಗ ಇಳಿಯುತ್ತದೆ.

ಕೋಳಿಯ ಸೇತುವೆ ಮೂರು-ನಾಲ್ಕು ದಿನಕ್ಕಷ್ಟೇ. ಬರೀ ಮಾಂಸದಲ್ಲಿ ರಂಜಕ ಬಹಳ, ಸುಣ್ಣ ತೀರ ಕಡಿಮೆ. ಬೆಳೆಯುವ ಮರಿಗೆ ಅದನ್ನೇ ವಾರಗಟ್ಟಲೆ ಹಾಕಿದರೆ ಮೈ ತನ್ನ ಮೂಳೆಯಿಂದಲೇ ಸುಣ್ಣವನ್ನು ಎಳೆದುಕೊಂಡು ಮೂಳೆ ಮೆದುವಾಗುತ್ತದೆ. ಕೋಳಿ ಅಂಗಡಿಯಲ್ಲಿ ಪುಕ್ಕಟೆ ಸಿಗುವ ಈಲಿಯನ್ನು ದಿನವೂ ಹಾಕುವುದು ಇನ್ನೊಂದು ತಪ್ಪು, ಎ ವಿಟಮಿನ್ ಮಿತಿಮೀರುತ್ತದೆ. ನಾಲ್ಕನೆಯ ದಿನದಿಂದ ನಾವು ಮರಿಗಳಿಗೆಂದೇ ಮಾಡಿದ ಪ್ಯಾಕೆಟ್ ಆಹಾರವನ್ನು ನೀರಿನಲ್ಲಿ ನೆನೆಸಿ ಕಾಲುಭಾಗ ಬೆರೆಸಿದೆವು, ಎರಡು ದಿನ ಬಿಟ್ಟು ಅರ್ಧ, ಮತ್ತೆ ಎರಡು ದಿನಕ್ಕೆ ಮುಕ್ಕಾಲು. ಮಲ ಸಡಿಲವಾದ ದಿನ ಮುಂದೆ ಹೋಗದೆ ಹಿಂದಿನ ಅಳತೆಯಲ್ಲೇ ನಿಂತೆವು. ನೆನೆಸುವುದಕ್ಕೆ ಕಾರಣವಿದೆ: ಒಣ ಕಾಳಿನಲ್ಲಿ ನೀರು ಹತ್ತನೆಯ ಒಂದು ಪಾಲು, ಇಲಿಯ ಮೈಯಲ್ಲಿ ಹತ್ತರಲ್ಲಿ ಏಳು ಪಾಲು. ಬೆಕ್ಕು ಮರುಭೂಮಿಯ ಕಾಡುಬೆಕ್ಕಿನ ಸಂತತಿ, ಊಟದಲ್ಲೇ ನೀರು ಪಡೆಯುವ ಜಾತಿ. ಭೇದಿಯಾದಾಗ ಬಟ್ಟಲಿನ ನೀರನ್ನಷ್ಟೇ ನೆಚ್ಚುವಂತಿಲ್ಲ.

ಪ್ಯಾಕೆಟ್ಟಿನ ಬಗ್ಗೆ ಒಂದು ಮಾತು. ನಮ್ಮ ಪೇಟೆಗಳಲ್ಲಿ ದೊಡ್ಡ ಮೂಟೆ ಒಡೆದು ಬಿಡಿಯಾಗಿ ತೂಗಿ ಕೊಡುವ ಪದ್ಧತಿ ಇದೆ. ಬಡವರಿಗೆ ಅನುಕೂಲವೇ. ಆದರೆ ಮೂಟೆ ಒಡೆದ ದಿನ ಯಾವುದೆಂದು ಗೊತ್ತಾಗುವುದಿಲ್ಲ, ಕಾಳಿಗೆ ಸವರಿದ ಕೊಬ್ಬು ಗಾಳಿಗೆ ಮುಗ್ಗುತ್ತದೆ. ಮೂಸಿ ನೋಡಿದರೆ ಹಳೆಯ ಎಣ್ಣೆಯ ವಾಸನೆ. ಹಾಗೆ ತಂದ ಕಾಳಿನಿಂದ ಹೊಟ್ಟೆ ಕೆಟ್ಟರೆ ಅದನ್ನು 'ಬದಲಾವಣೆಯ ಭೇದಿ' ಎನ್ನುವುದು ತಪ್ಪು, ಅದು ಕೆಟ್ಟ ಆಹಾರದ ಭೇದಿ. ಹೊಂದಿಕೊಳ್ಳಲಿ ಎಂದು ಅದನ್ನೇ ಮುಂದುವರಿಸುವಂತಿಲ್ಲ.

ಮನೆಮದ್ದಿನ ವಿಷಯದಲ್ಲಿ ನಾನು ಕಟ್ಟುನಿಟ್ಟು. ಮಕ್ಕಳಿಗೆ ಕೊಡುವ ಓಮದ ನೀರನ್ನು ಬೆಕ್ಕಿಗೆ ಕೊಡಬಾರದು. ಓಮದ ಥೈಮಾಲ್ ಫಿನಾಲ್ ಜಾತಿಯದು, ಅಂಥ ವಸ್ತುಗಳನ್ನು ಕರಗಿಸಿ ಹೊರಹಾಕುವ ಶಕ್ತಿ ಬೆಕ್ಕಿನ ಯಕೃತ್ತಿಗೆ ತೀರ ಕಡಿಮೆ. ಇದೇ ಕಾರಣಕ್ಕೆ ಪ್ಯಾರಾಸಿಟಮಾಲ್ ಒಂದೇ ಮಾತ್ರೆ ದೊಡ್ಡ ಬೆಕ್ಕನ್ನೂ ಕೊಲ್ಲುತ್ತದೆ. ಬೆಳ್ಳುಳ್ಳಿ ಕೆಂಪು ರಕ್ತಕಣಗಳನ್ನು ಒಡೆಯುತ್ತದೆ. ಮೆಡಿಕಲ್ ಸ್ಟೋರಿನಲ್ಲಿ ಕೇಳಿ ತರುವ ಭೇದಿಯ ಮಾತ್ರೆಯೂ ಬೇಡ. ಮೊಸರು? ಹೆಪ್ಪು ಹಾಲಿನ ಸಕ್ಕರೆಯನ್ನು ಸ್ವಲ್ಪ ತಿಂದಿರುವುದರಿಂದ ಹಾಲಿನಷ್ಟು ಕಾಡದು, ಆದರೆ ಅದು ಔಷಧಿಯೂ ಅಲ್ಲ. ಉಪಯುಕ್ತ ಬ್ಯಾಕ್ಟೀರಿಯಾ ಕೊಟ್ಟರೆ ಪ್ರಯೋಜನವಿದೆಯೇ ಎಂಬುದಕ್ಕೆ 2011ರಲ್ಲಿ ಪ್ರಕಟವಾದ ಒಂದು ಅಧ್ಯಯನವಿದೆ. ಆಶ್ರಯಧಾಮದ ಬೆಕ್ಕುಗಳಲ್ಲಿ ಎರಡು ದಿನ ಅಥವಾ ಹೆಚ್ಚು ಭೇದಿಯಾದವು, ಬ್ಯಾಕ್ಟೀರಿಯಾ ಕೊಟ್ಟ ಗುಂಪಿನಲ್ಲಿ ಶೇ. 7.4, ಕೊಡದ ಗುಂಪಿನಲ್ಲಿ ಶೇ. 20.7. ಅಲ್ಲಿ ಬಳಸಿದ್ದು ಎಂಟೆರೊಕಾಕಸ್‌ನ ಒಂದು ನಿರ್ದಿಷ್ಟ ತಳಿ. ನಮ್ಮ ಮನೆಯ ಹೆಪ್ಪಿಗೆ ಆ ಅಂಕಿಯನ್ನು ಹಚ್ಚಲಾಗದು.

ಶುಚಿಯ ವಿಷಯದಲ್ಲಿ ಮಾತ್ರ ನಮ್ಮ ಸೀಮೆಯವರಿಗೆ ಯಾರೂ ಪಾಠ ಹೇಳಬೇಕಾಗಿಲ್ಲ. ಬೆಳೆ ಮುಗಿದ ಮೇಲೆ ಹುಳುಮನೆಯನ್ನು ಶೇ. 2ರ ಬ್ಲೀಚಿಂಗ್ ಪೌಡರ್ ಮತ್ತು ಶೇ. 0.3ರ ಅರಳಿದ ಸುಣ್ಣದ ದ್ರಾವಣದಿಂದ ತೊಳೆಯುವುದು ಅವರಿಗೆ ಅಭ್ಯಾಸ. ಪ್ಯಾನ್‌ಲ್ಯೂಕೊಪೀನಿಯ ವೈರಸ್ ನೆಲದಲ್ಲಿ ಒಂದು ವರ್ಷದವರೆಗೂ ಬದುಕಬಲ್ಲದು, ಸೋಪಿಗೆ ಬಗ್ಗದು, ಕ್ಲೋರಿನ್ನಿಗೆ ಬಗ್ಗುತ್ತದೆ. ಹುಳುವಿಗೆ ಮಾಡುವ ಆರೈಕೆಯನ್ನೇ ಬೆಕ್ಕು ಸತ್ತ ಮೂಲೆಗೂ ಮಾಡಿದರೆ ಮುಂದಿನ ಮರಿ ಉಳಿಯುತ್ತದೆ. ನೆಲ ಪೂರ್ತಿ ಒಣಗುವ ತನಕ ಮರಿಯನ್ನು ಒಳಗೆ ಬಿಡಬಾರದು, ಅದು ಪಾದ ನೆಕ್ಕಿಕೊಳ್ಳುತ್ತದೆ.

ಹತ್ತನೆಯ ದಿನ ನಮ್ಮ ಮರಿ 850 ಗ್ರಾಂ ತೂಗಿತು, ಮಲ ಗಟ್ಟಿಯಾಗಿತ್ತು. ಲಸಿಕೆ ಅದರ ಮರುವಾರ ಆರಂಭವಾಯಿತು, ಮೂರು-ನಾಲ್ಕು ವಾರಕ್ಕೊಮ್ಮೆ, ಹದಿನಾರನೆಯ ವಾರ ದಾಟುವ ತನಕ. ಗುಣವಾದದ್ದು ಯಾವುದರಿಂದ? ಹಾಲು ನಿಲ್ಲಿಸಿದ್ದೂ ಜಂತಿನ ಔಷಧಿ ಕೊಟ್ಟದ್ದೂ ಒಂದೇ ದಿನ. ಎರಡನ್ನೂ ಬೇರ್ಪಡಿಸಿ ಹೇಳಲು ಈ ಒಂದು ಮರಿಯ ದಾಖಲೆ ಸಾಲದು. ಮರಿಯನ್ನು ಕಾಯಿಸಿ ಆ ಉತ್ತರ ಪಡೆಯುವ ಮನಸ್ಸೂ ನನಗಿರಲಿಲ್ಲ.

ಆದರೆ ಹುಳು ಬಂದದ್ದು ತಾಯಿಯಿಂದ, ತಾಯಿ ಇನ್ನೂ ಆ ಶೆಡ್ಡಿನಲ್ಲೇ ಇದೆ, ಮತ್ತೆ ಗಬ್ಬವಾಗಿದೆ. ಹೋದ ವಾರ ಔಷಧಿ ತೆಗೆದುಕೊಂಡು ಹೋಗಿದ್ದೆ, ತಾಯಿಗೆ ಒಂದು ಅಳತೆ, ಹುಟ್ಟಲಿರುವ ಮರಿಗಳಿಗೆ ವೈದ್ಯೆ ಬರೆದುಕೊಟ್ಟದ್ದು ಬೇರೆ. 'ಮೂರು ವಾರಕ್ಕೇ ಔಷಧಿನಾ ಸಾರ್? ಇಷ್ಟಿಷ್ಟೇ ಇರ್ತಾವಲ್ಲ?' ಎಂದು ಮರಿ ಕೊಟ್ಟಿದ್ದ ಹೆಂಗಸು ಬೆರಳಿನಲ್ಲಿ ಅಳತೆ ತೋರಿಸಿದರು. ಮೂರನೆಯ ವಾರದಿಂದ ಹದಿನೈದು ದಿನಕ್ಕೊಮ್ಮೆ ಎಂದು ವಿವರಿಸಿದೆ. ಮರಿ ಹಾಕಿದ ದಿನ ಎಣಿಕೆ ಶುರುಮಾಡಲೆಂದು ಗೋಡೆಯ ಕ್ಯಾಲೆಂಡರಿನಲ್ಲಿ, ಗೂಡಿನ ಲಾಟು ಬಂದ ತಾರೀಖುಗಳ ಪಕ್ಕದಲ್ಲಿ, ಆಕೆ ಒಂದು ಬೆಕ್ಕಿನ ಮುಖ ಬರೆದು ಸುತ್ತು ಹಾಕಿದ್ದಾರೆ.